ಸೂಜಿ ಸಾಕು, ಚೀಟಿ ಕೊಡಿ

ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು, 'ಸಾಲದ ಉದ್ದೇಶ' ಎಂದು ಬರೆದ ಕಡೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಓದುತ್ತ ಬನ್ನಿ. ಹಸು, ಮೇಕೆ, ಮಗನ ಫೀಸು, ಮಗಳ ಮದುವೆ, ಮನೆಗೆ ಹೆಂಚು. ಇವುಗಳ ನಡುನಡುವೆ 'ಆಸ್ಪತ್ರೆ ಖರ್ಚು' ಎಂದು ಎಷ್ಟು ಸಲ ಬರುತ್ತದೆ ಎಣಿಸಿ. ಏನು ಕಾಯಿಲೆ ಎಂದು ಅಲ್ಲಿ ಬರೆದಿರುವುದಿಲ್ಲ. ಕೇಳಿದರೆ ಉತ್ತರ ಮೂರು ನಾಲ್ಕೇ: ಸುಸ್ತು, ಸೊಂಟನೋವು, ತಲೆನೋವು, ಬಿಳುಪು ಹೋಗುವುದು. ಇವು ಊರಿಗೆ ಬಂದ ಹೊಸ ರೋಗಗಳಲ್ಲ, ದೊಡ್ಡ ರೋಗಗಳೂ ಅಲ್ಲ. ಆದರೂ ವರ್ಷಗಟ್ಟಲೆ ವಾಸಿಯಾಗುವುದಿಲ್ಲ, ಸಾಲವೂ ತೀರುವುದಿಲ್ಲ. ಯಾಕೆ ವಾಸಿಯಾಗುವುದಿಲ್ಲ?

'ಈ ಲೇಖನ ಡಾಕ್ಟರರನ್ನು ಬೈಯಲಿಕ್ಕೆ ಬರೆದದ್ದಲ್ಲ' ಎಂದು ನಯವಾಗಿ ಶುರುಮಾಡಬಹುದಿತ್ತು. ಹಾಗೆ ಮಾಡುವುದಿಲ್ಲ ಗೆಳತಿಯರೇ. ಎಲ್ಲರನ್ನೂ ಅಲ್ಲ, ನಿಜ. ಶೆಟ್ಟಿಕೆರೆ ಹೋಬಳಿಯಿಂದ ಹಿಡಿದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿವರೆಗೆ ರಾತ್ರಿ ಹೊತ್ತಿನಲ್ಲಿ ಎದ್ದು ಬಂದು ಹೆರಿಗೆ ಮಾಡಿಸಿದವರು, ದುಡ್ಡಿಲ್ಲದಿದ್ದರೂ ನೋಡಿ ಕಳಿಸಿದವರು ಇದ್ದಾರೆ. ಅವರ ಬಗ್ಗೆ ಈ ಮಾತಲ್ಲ. ಹೆಣ್ಣು ಎದುರಿಗೆ ಕೂತೊಡನೆ ಕೇಳುವುದನ್ನು ಬಿಟ್ಟು ಸೂಜಿಗೆ ಕೈಹಾಕುವ ಪದ್ಧತಿಯ ಬಗ್ಗೆ ಈ ಮಾತು. ಅದು ಎಲ್ಲ ಊರಿನ ಶಾಪುಗಳಲ್ಲೂ ಇದೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಇದೆ.

ಸಂತೆಯ ದಿನ ಶಾಪಿನಲ್ಲಿ ನಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ಗಂಡ ಪಕ್ಕದಲ್ಲಿ ನಿಂತಿರುತ್ತಾನೆ. 'ಏನಮ್ಮಾ?' ಎಂದು ಡಾಕ್ಟರು ಕೇಳಿದ್ದಕ್ಕೆ ಅವನೇ ಉತ್ತರ ಹೇಳುತ್ತಾನೆ: 'ಅವ್ಳಿಗೆ ಹೇಳಕ್ ಬರಲ್ಲ ಸಾರ್, ಸುಸ್ತು ಅಂತಾಳೆ, ಕೆಲ್ಸ ಮಾಡಕಾಗಲ್ಲ ಅಂತಾಳೆ.' ಅಲ್ಲಿಗೆ ತಪಾಸಣೆ ಮುಗಿಯಿತು. ಸೊಂಟಕ್ಕೊಂದು ಸೂಜಿ, ಮಂಚದ ಮೇಲೆ ಮಲಗಿಸಿ ಒಂದು ಬಾಟಲಿ, ಪೊಟ್ಟಣದಲ್ಲಿ ಹೆಸರಿಲ್ಲದ ನಾಲ್ಕು ಬಣ್ಣದ ಗುಳಿಗೆ. ಕಣ್ಣುರೆಪ್ಪೆ ಎಳೆದು ನೋಡಲಿಲ್ಲ, ರಕ್ತ ಪರೀಕ್ಷೆ ಮಾಡಿಸಲಿಲ್ಲ, ಮುಟ್ಟು ಹೇಗಾಗುತ್ತದೆ ಎಂದು ಕೇಳಲಿಲ್ಲ. ಒಂದು ಚೀಟಿಯ ಮೇಲೂ ಏನೂ ಬರೆಯಲಿಲ್ಲ.

ಆ ಬಾಟಲಿಯಲ್ಲಿ ಏನಿದೆ ಗೊತ್ತೆ? ಗ್ಲೂಕೋಸ್ ಬಾಟಲಿಯಾದರೆ ಅರ್ಧ ಲೀಟರು ನೀರಿನಲ್ಲಿ 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚೆ. ಸಲೈನ್ ಆದರೆ ಅಷ್ಟೇ ನೀರಿನಲ್ಲಿ ನಾಲ್ಕೂವರೆ ಗ್ರಾಂ ಉಪ್ಪು, ಒಂದು ಚಮಚೆಗೂ ಕಡಿಮೆ. ಕುಡಿದ ನೀರೂ ನಿಲ್ಲದಂತೆ ವಾಂತಿಭೇದಿಯಾಗಿ ಒಣಗಿಹೋದವರಿಗೆ, ಪ್ರಜ್ಞೆ ತಪ್ಪಿದವರಿಗೆ, ಆಪರೇಷನ್ ಆದವರಿಗೆ ಇದು ಜೀವ ಉಳಿಸುತ್ತದೆ. ನಡೆದುಕೊಂಡು ಬಂದು ಬೆಂಚಿನ ಮೇಲೆ ಕೂತ ಹೆಂಗಸಿಗೆ ಇದರಿಂದ ಆಗುವುದು ಒಂದು ಲೋಟ ಪಾನಕದಷ್ಟೇ ಲಾಭ. ಇಡೀ ದೇಶಕ್ಕೆ ತೆಂಗಿನಕಾಯಿ, ಕೊಬ್ಬರಿ ಕಳಿಸುವ ಸೀಮೆ ನಮ್ಮದು. ಹಿತ್ತಿಲಲ್ಲಿ ಎಳನೀರು ತೂಗುತ್ತಿದ್ದರೂ ಸಂಘದಲ್ಲಿ ಸಾಲ ಮಾಡಿ ಉಪ್ಪುನೀರನ್ನು ರಕ್ತನಾಳಕ್ಕೆ ಏರಿಸಿಕೊಂಡು ಬರುತ್ತೇವಲ್ಲ, ಇದಕ್ಕೆ ನಗಬೇಕೋ ಅಳಬೇಕೋ?

'ಜನಾನೇ ಬಾಟ್ಲಿ ಹಾಕಿ ಅಂತಾರೆ, ಹಾಕದಿದ್ರೆ ಪಕ್ಕದ ಶಾಪಿಗೆ ಹೋಗ್ತಾರೆ' ಎನ್ನುತ್ತಾರೆ ಡಾಕ್ಟರರು. ಕೇಳುವುದು ನಿಜ. ಆದರೆ ಕೇಳುವುದನ್ನು ಕಲಿಸಿದವರು ಯಾರು? ಬಾಟಲಿ ಏರಿಸಿದರೆ ಶಕ್ತಿ ಬರುತ್ತದೆ ಎಂದು ನಮ್ಮ ಅಜ್ಜಿಯರು ಹೇಳಿರಲಿಲ್ಲ.

ಈಗ ಸುಸ್ತಿನ ಮಾತಿಗೆ ಬರೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಅಂದರೆ ಇಪ್ಪತ್ತು ಜನರ ನಿಮ್ಮ ಸಂಘದಲ್ಲಿ ಒಂಬತ್ತು ಹತ್ತು ಜನ. ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು, ಬಸುರಿಯಲ್ಲಿ 11ಕ್ಕಿಂತ ಕೆಳಗಿಳಿಯಬಾರದು. ಬೆರಳ ತುದಿಯ ಒಂದು ಹನಿ ರಕ್ತ ಸಾಕು, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆಯಾಗಿ ನೋಡುತ್ತಾರೆ. ಕಡಿಮೆಯಿದ್ದರೆ ಮದ್ದು ಕಬ್ಬಿಣಾಂಶದ ಗುಳಿಗೆ. ಅದೂ ಪುಕ್ಕಟೆ. ಆದರೆ ವಾರ ನುಂಗಿ ಬಿಟ್ಟರೆ ಆಗದು. ಮೂರು ತಿಂಗಳಾದರೂ ತಪ್ಪದೆ ನುಂಗಬೇಕು, ಆಮೇಲೆ ಮತ್ತೆ ರಕ್ತ ನೋಡಿಸಬೇಕು. ಕಾಫಿ ಟೀ ಜೊತೆ ಬೇಡ, ನಿಂಬೆಹಣ್ಣೋ ನೆಲ್ಲಿಕಾಯೋ ಜೊತೆಗಿದ್ದರೆ ಒಳ್ಳೆಯದು. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ತೆಗೆದುಕೊಳ್ಳಿ. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಈ ನಾಲ್ಕು ಮಾತು ಹೇಳದೆ ಗುಳಿಗೆ ಕೊಡುವುದರಿಂದಲೇ ಅರ್ಧ ಗುಳಿಗೆಗಳು ಗೋಡೆಗೂಡಿನಲ್ಲಿ ಉಳಿಯುವುದು. ರಕ್ತ ತೀರಾ ಕಡಿಮೆಯಿದ್ದರೆ ಕಬ್ಬಿಣದ ಔಷಧವನ್ನೇ ರಕ್ತನಾಳಕ್ಕೆ ಕೊಡುವುದೂ ಉಂಟು. ಅದು ದೊಡ್ಡ ಆಸ್ಪತ್ರೆಯಲ್ಲಿ, ಪರೀಕ್ಷೆ ನೋಡಿ ಕೊಡುವಂಥದು. ಶಾಪಿನ ಗ್ಲೂಕೋಸಿಗೂ ಅದಕ್ಕೂ ಸಂಬಂಧವಿಲ್ಲ. ಕೆಂಪು ಟಾನಿಕ್ಕು, ಹಳದಿ ಸೂಜಿಗಳಿಂದ ಕಬ್ಬಿಣಾಂಶದ ಕೊರತೆ ತುಂಬುವುದಿಲ್ಲ. ಬಿ-12 ಕೊರತೆ ಇದೆ ಎಂದು ಪರೀಕ್ಷೆಯಲ್ಲಿ ಕಂಡವರಿಗೆ ಆ ಸೂಜಿ ಬೇಕು, ಕಂಡಕಂಡವರಿಗಲ್ಲ.

ಇಷ್ಟು ಹೇಳುವ ಡಾಕ್ಟರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ: 'ಮನೇಲಿ ಕಡೆಗೆ ಉಣ್ಣೋದು ಯಾರಮ್ಮಾ?' ಅತ್ತೆ, ಮಾವ, ಗಂಡ, ಮಕ್ಕಳು ಉಂಡು ಉಳಿದ ಮುದ್ದೆ, ತಳದಲ್ಲಿ ಉಳಿದ ಸಾರು ಸೊಸೆಯ ಪಾಲು. ತವರಿನಿಂದ ತರಬೇಕಾದ್ದು ತರಲಿಲ್ಲ ಎಂದು ಹಂಗಿಸುವ ಮನೆಯಲ್ಲಿ ಆ ಪಾಲೂ ಗಂಟಲಿಗಿಳಿಯುವುದಿಲ್ಲ. ಹಿಮೋಗ್ಲೋಬಿನ್ ಎಂಟಕ್ಕಿಳಿದ ಸೊಸೆಗೆ 'ಸೊಪ್ಪು, ಮೊಟ್ಟೆ, ಕಾಳು ತಿನ್ನಮ್ಮ' ಎಂದು ಅವಳೊಬ್ಬಳಿಗೇ ಹೇಳಿ ಕಳಿಸಿದರೆ ಏನು ಪ್ರಯೋಜನ? ಜೊತೆಗೆ ಬಂದ ಅತ್ತೆಯನ್ನೂ ಗಂಡನನ್ನೂ ಕೂರಿಸಿ ಹೇಳಬೇಕು. ಡಾಕ್ಟರರ ಮಾತಿಗೆ ಮನೆಯಲ್ಲಿ ಬೆಲೆಯಿದೆ. ಆ ಬೆಲೆಯನ್ನು ಅವರು ಯಾಕೆ ಬಳಸುವುದಿಲ್ಲ?

ಸೊಂಟನೋವಿನದೂ ಇದೇ ಕಥೆ. ಕಾಯಿಪುಡಿ ಫ್ಯಾಕ್ಟರಿಯಲ್ಲಿ ಬೆಳಗಿನಿಂದ ಸಂಜೆತನಕ ಕೂತು ಕಾಯಿಯ ಕಂದು ಸಿಪ್ಪೆ ತೆಗೆಯುವವಳಿಗೆ, ಬಗ್ಗಿ ನಾರು ಬಿಡಿಸುವವಳಿಗೆ, ಅಟ್ಟದಿಂದ ಕೊಬ್ಬರಿ ಇಳಿಸುವವಳಿಗೆ ಸೊಂಟ ನೋಯದೆ ಇನ್ನೇನಾದೀತು? ಏನು ಕೆಲಸ ಮಾಡುತ್ತೀ ಎಂದು ಕೇಳಿದರೆ ಅರ್ಧ ಕಾರಣ ಅಲ್ಲೇ ಸಿಗುತ್ತದೆ. ಕುಡಿಯುವ ನೀರು ಯಾವ ಕೊಳವೆಬಾವಿಯದು ಎಂದು ಕೇಳಿದರೆ ಇನ್ನಷ್ಟು ಸಿಗಬಹುದು, ಯಾಕೆಂದರೆ ನಮ್ಮ ಜಿಲ್ಲೆಯ ಹಲವು ಕಡೆ ನೀರಿನಲ್ಲಿ ಫ್ಲೋರೈಡು ಹೆಚ್ಚು, ಅದು ಮೂಳೆ ಕೀಲುಗಳನ್ನು ಹಿಡಿಯುತ್ತದೆ. ಈ ಎರಡನ್ನೂ ಕೇಳದೆ ವಾರಕ್ಕೊಂದು ನೋವಿನ ಸೂಜಿ ಕೊಡುತ್ತಾರೆ. ಡೈಕ್ಲೋಫೆನಾಕ್‌ನಂಥ ನೋವಿನ ಔಷಧವನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಸೂಜಿಯಲ್ಲಿ ಸ್ಟಿರಾಯ್ಡ್ ಸೇರಿಸಿದ್ದರಂತೂ ನೋವು ಮಾಯವಾದ ಹಾಗೆ ಕಾಣುತ್ತದೆ, ಒಳಗೆ ಸಕ್ಕರೆ ಏರುತ್ತದೆ, ಬಿಪಿ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. 'ಆ ಡಾಕ್ಟ್ರ ಕೈಗುಣ ಚೆನ್ನಾಗೈತೆ, ಒಂದೇ ಸೂಜಿಗೆ ಎದ್ದು ಓಡಾಡ್ದೆ' ಎಂದು ಹೊಗಳುವ ಮೊದಲು ಸೂಜಿಯ ಹೆಸರು ಬರೆದುಕೊಡಿ ಎಂದು ಕೇಳಿ.

ಬಿಳುಪು ಹೋಗುವುದರ ಬಗ್ಗೆ ಬಾಯಿಬಿಟ್ಟು ಹೇಳಲು ನಾಚಿಕೆ. ಹಾಗಾಗಿ ಅಲ್ಲಿ ನಮಗೆ ಮೋಸ ಮಾಡುವುದು ಅತಿ ಸುಲಭ. ಮುಟ್ಟಿನ ಎರಡು ಸರದಿಯ ನಡುವೆ ವಾಸನೆಯಿಲ್ಲದ, ತುರಿಕೆಯಿಲ್ಲದ ತಿಳಿ ಲೋಳೆ ಹೋಗುವುದು ಆರೋಗ್ಯವಂತ ದೇಹದ ಸಹಜ ಗುಣ. ಮೊಸರಿನ ಗರಣೆಯಂತಿದ್ದು ತುರಿಸಿದರೆ, ಕೆಟ್ಟ ವಾಸನೆ ಬಂದರೆ, ಹಸಿರು ಹಳದಿ ಬಣ್ಣವಿದ್ದರೆ, ಕಿಬ್ಬೊಟ್ಟೆ ನೋವು ಜ್ವರ ಇದ್ದರೆ ಸೋಂಕು. ಇದಕ್ಕೆ ಸರ್ಕಾರಿ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಬಣ್ಣದ ಪೊಟ್ಟಣಗಳಲ್ಲಿ ಔಷಧ ಪುಕ್ಕಟೆ ಸಿಗುತ್ತದೆ. ಆದರೆ ಕೆಲವು ಸೋಂಕುಗಳು ಗಂಡನಿಂದ ಹೆಂಡತಿಗೆ ಬರುವಂಥವು. ಅಂಥದ್ದಾದರೆ ಗಂಡನೂ ಔಷಧ ನುಂಗಬೇಕು. ಹೆಂಡತಿಗೆ ಮಾತ್ರ ಕೊಟ್ಟರೆ ಮುಂದಿನ ತಿಂಗಳು ಅದೇ ಸೋಂಕು ಮತ್ತೆ ಬರುತ್ತದೆ. ಈ ಪಾಠ ಎಲ್ಲ ಡಾಕ್ಟರರಿಗೂ ಗೊತ್ತು. ಆದರೂ ಹೊರಗೆ ಬೀಡಿ ಸೇದುತ್ತ ನಿಂತ ಗಂಡನನ್ನು ಒಳಗೆ ಕರೆದು 'ನೀನೂ ನುಂಗಬೇಕಪ್ಪ' ಎನ್ನುವವರು ಎಷ್ಟು ಜನ? ಅವನ ಮುಖ ಉಳಿಸಲು ಇವಳ ಮೈ ಕೆಡಿಸುತ್ತಾರೆ. ಮೇಲೆ ಮನೆಯಲ್ಲಿ 'ರೋಗಿಷ್ಟೆನ ಕಟ್ಕೊಂಡೆ' ಎಂಬ ಮಾತೂ ಇವಳಿಗೇ.

ಹೀಗೆ ವರ್ಷ ಎರಡು ವರ್ಷ ಬಿಳುಪು, ಹೊಟ್ಟೆನೋವು ಎಂದು ಅಲೆದವಳಿಗೆ ಕಡೆಗೊಂದು ದಿನ ಸ್ಕ್ಯಾನಿಂಗ್ ಹಾಳೆ ತೋರಿಸಿ 'ಗರ್ಭಕೋಶ ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತೆ' ಎನ್ನುತ್ತಾರೆ. ಕ್ಯಾನ್ಸರ್ ಎಂಬ ಒಂದು ಪದಕ್ಕೆ ಕಿವಿಯ ಓಲೆ ಅಡವಿಗೆ ಹೋಗುತ್ತದೆ, ಸಂಘದ ಒಳಸಾಲ ಎದ್ದುಬರುತ್ತದೆ. ಇದು ಊಹೆಯ ಮಾತಲ್ಲ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಬಯಲಾದದ್ದನ್ನು ನೆನೆಯಿರಿ. ಲಂಬಾಣಿ ತಾಂಡಾಗಳ, ದಲಿತ ಕೇರಿಗಳ 2,000ಕ್ಕೂ ಹೆಚ್ಚು ಹೆಂಗಸರಿಗೆ, ಬಹಳಷ್ಟು ಜನ ನಲವತ್ತೂ ದಾಟದವರಿಗೆ, ಬಿಳುಪು, ಹೊಟ್ಟೆನೋವು ಎಂದು ಹೋದದ್ದೇ ಕಾರಣವಾಗಿ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆಯಲಾಗಿತ್ತು. ಆರೋಗ್ಯ ಇಲಾಖೆ ತನಿಖೆ ಮಾಡಿಸಿತು, ಕೆಲವು ಆಸ್ಪತ್ರೆಗಳ ಪರವಾನಗಿ ರದ್ದುಮಾಡುವ ಆದೇಶವೂ ಆಯಿತು. 2017ರಲ್ಲಿ ಆ ಹೆಂಗಸರೇ ನ್ಯಾಯ ಕೇಳಿ ಬೀದಿಗಿಳಿದರು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಿಂದಲೂ ಇಂಥದೇ ದೂರುಗಳು ಬಂದು, ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಹೇಳಿತು. 2015–16ರ ಸಮೀಕ್ಷೆ ಹೇಳುವಂತೆ ನಮ್ಮ ದೇಶದಲ್ಲಿ ಗರ್ಭಕೋಶ ತೆಗೆಸಿಕೊಂಡವರ ನಡುಪ್ರಾಯ 34. ಮೂವತ್ತನಾಲ್ಕಕ್ಕೆ!

ಬಿಳುಪು ಹೋಗುವುದಕ್ಕೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ. ಮುಟ್ಟು ಹೆಚ್ಚು ಹೋದರೆ ಮೊದಲು ಗುಳಿಗೆ, ಹಾರ್ಮೋನು, ಒಳಗಿಡುವ ಸಾಧನ ಇವೆಲ್ಲ ಇವೆ. ತೊಂದರೆ ಕೊಡದ ಸಣ್ಣ ಗೆಡ್ಡೆಯನ್ನು ಮುಟ್ಟುವುದೇ ಬೇಡ. ಕ್ಯಾನ್ಸರಿನ ಭಯವಿದ್ದರೆ ಗರ್ಭಕೋಶದ ಬಾಯಿ ಪರೀಕ್ಷೆ ಮಾಡಿಸಬೇಕು. ಮೂವತ್ತು ದಾಟಿದ ಹೆಂಗಸರಿಗೆಲ್ಲ ಇದನ್ನು ಮಾಡಬೇಕೆಂದು ಸರ್ಕಾರದ ಕಾರ್ಯಕ್ರಮವೇ ಇದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನೊಡನೆ ಕೂಡಿದ ಮೇಲೆ ರಕ್ತ ಕಂಡರೆ ಮಾತ್ರ ಒಂದು ದಿನವೂ ತಡಮಾಡಬೇಡಿ. ಶಸ್ತ್ರಕ್ರಿಯೆ ನಿಜವಾಗಿ ಬೇಕಾದವರೂ ಇದ್ದಾರೆ, ಅವರನ್ನು ಹೆದರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅಂಡಾಶಯವನ್ನೂ ಸೇರಿಸಿ ಚಿಕ್ಕ ವಯಸ್ಸಿಗೇ ತೆಗೆದುಬಿಟ್ಟರೆ ಮೂಳೆ ಸವೆತ, ಹೃದಯದ ಕಾಯಿಲೆ ಬೇಗ ಹತ್ತಿರ ಬರುತ್ತವೆ. ಗರ್ಭಕೋಶ ಇಲ್ಲದವಳು ಎಂದು ಗಂಡ ಇನ್ನೊಬ್ಬಳನ್ನು ತಂದ ಮನೆಗಳೂ ನಮ್ಮ ಕಣ್ಣ ಮುಂದಿವೆ. ಆ ಹಿಂಸೆಯ ಬೇರು ಆಸ್ಪತ್ರೆಯಲ್ಲೂ ಇದೆ.

ಈಗ ಈ ಎಲ್ಲ ಕಾಯಿಲೆಗಳ ಒಳಗೆ ಬಚ್ಚಿಟ್ಟುಕೊಂಡ ಕಾಯಿಲೆಯ ಮಾತು. ಅದೇ 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ರಾಜ್ಯಗಳಲ್ಲೆಲ್ಲ ನಾವೇ ಮುಂದು. ದೇಶದಲ್ಲಿ ಹಿಂಸೆ ಅನುಭವಿಸಿದವರ ಪೈಕಿ ಸಹಾಯ ಕೇಳಿದವರು ನೂರಕ್ಕೆ 14 ಮಾತ್ರ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದವಳು ಶಾಪಿನ ಮೆಟ್ಟಿಲನ್ನು ಹತ್ತಿಯೇ ಹತ್ತುತ್ತಾಳೆ. ತಲೆನೋವು, ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಮೈಕೈ ನೋವು ಎನ್ನುತ್ತಾಳೆ. ಇಂಥ ವಾಸಿಯಾಗದ ನೋವುಗಳ ಹಿಂದೆ ಮನೆಯ ಹಿಂಸೆ ಇರಬಹುದು, ಹೆಂಗಸನ್ನು ಒಬ್ಬಳೇ ಇರುವಾಗ ಕೇಳಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಡಾಕ್ಟರರಿಗೆ ಮಾರ್ಗಸೂಚಿ ಕೊಟ್ಟಿದೆ. ಮುಂಬಯಿಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದಲ್ಲೇ 'ದಿಲಾಸಾ' ಎಂಬ ಕೇಂದ್ರ ತೆರೆದು, ಹೊರರೋಗಿಗಳಾಗಿ ಬಂದ ಹೆಂಗಸರನ್ನು ಕೇಳುವುದನ್ನು ಸಿಬ್ಬಂದಿಗೆ ಕಲಿಸಿದರು. ಆಗುವುದಿಲ್ಲ ಎನ್ನುವವರು ಅಲ್ಲಿ ಹೋಗಿ ನೋಡಿ ಬರಲಿ.

ನಮ್ಮಲ್ಲಿ ಆಗುವುದೇನು? ಕಪಾಳಕ್ಕೆ ಹೊಡೆದು ಕಿವಿತಮಟೆ ಹರಿದು ಬಂದವಳಿಗೆ ಕಿವಿಗೆ ಹನಿ. ಕೈ ಮುರಿದು ಬಂದವಳಿಗೆ ಪಟ್ಟಿ. ಚೀಟಿಯಲ್ಲಿ ಗಂಡ ಹೇಳಿದಂತೆ 'ಜಾರಿ ಬಿದ್ದು'. ಬಚ್ಚಲಲ್ಲಿ ಜಾರಿ ಬಿದ್ದವಳ ಎರಡೂ ತೋಳಿನ ಒಳಗಡೆ ಬೆರಳ ಗುರುತು ಹೇಗೆ ಮೂಡುತ್ತದೆ ಎಂದು ಆರು ವರ್ಷ ಓದಿದವರಿಗೆ ತಿಳಿಯುವುದಿಲ್ಲವೇ? ತಿಳಿಯುತ್ತದೆ. 'ನಮಗ್ಯಾಕೆ ಕೋರ್ಟು ಕಚೇರಿ' ಎಂದು ತಿಳಿಯದಂತಿರುತ್ತಾರೆ.

ಆ ಎರಡು ಪದಗಳ ಬೆಲೆ ಎಷ್ಟೆಂದು ಅವರಿಗೆ ಗೊತ್ತಿರಲಿ, ನಿಮಗೂ ಗೊತ್ತಿರಲಿ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಅಸ್ವಾಭಾವಿಕವಾಗಿ ಸತ್ತರೆ ಅದನ್ನು ವರದಕ್ಷಿಣೆ ಸಾವು ಎನ್ನಲು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಆಕೆಗೆ ಹಿಂಸೆ ಇತ್ತು ಎಂದು ತೋರಿಸಬೇಕು. 1986ರಿಂದ 304-ಬಿ ಕಲಂ ಹೀಗೆ ಹೇಳುತ್ತಿತ್ತು, 2024ರ ಜುಲೈಯಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮೂ ಅದನ್ನೇ ಹೇಳುತ್ತದೆ. ತೋರಿಸುವುದು ಹೇಗೆ? ಸತ್ತವಳು ಬಂದು ಹೇಳುವುದಿಲ್ಲ. ಅಕ್ಕಪಕ್ಕದವರು 'ನಮಗೆ ಗೊತ್ತಿಲ್ಲ ಸ್ವಾಮಿ' ಎನ್ನುತ್ತಾರೆ. ಆರು ತಿಂಗಳ ಹಿಂದೆ ಅವಳು ಶಾಪಿಗೆ ಹೋಗಿದ್ದಾಗಿನ ಚೀಟಿ ಇದ್ದರೆ ಅದು ಮಾತಾಡುತ್ತದೆ. ಅದರಲ್ಲಿ 'ಜಾರಿ ಬಿದ್ದು' ಎಂದಿದ್ದರೆ ಗಂಡನ ವಕೀಲರ ಪರವಾಗಿ ಮಾತಾಡುತ್ತದೆ. 1990ರ ದಶಕದಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಬಂದ ಹೆಂಗಸರ ಸಾವುಗಳನ್ನು 'ವಿಮೋಚನಾ' ಸಂಘಟನೆಯ ಹೆಣ್ಣುಮಕ್ಕಳು ಬೆನ್ನುಹತ್ತಿ ಹೋದಾಗ ಎದುರಾದದ್ದೂ ಇಂಥ ಎರಡು ಪದವೇ: 'ಸ್ಟವ್ ಸಿಡಿದು'. ಅಷ್ಟೊಂದು ಸ್ಟವ್‌ಗಳು ಸೊಸೆಯಂದಿರ ಕೈಯಲ್ಲೇ ಯಾಕೆ ಸಿಡಿದವು ಎಂದು ಕೇಳಲು ಹೆಂಗಸರೇ ಬರಬೇಕಾಯಿತು.

'ನಮ್ಮ ಕೆಲಸ ಚಿಕಿತ್ಸೆ, ನಾವು ಪೊಲೀಸರಲ್ಲ' ಎಂಬುದು ಇನ್ನೊಂದು ಮಾತು. ಯಾರೂ ಪೊಲೀಸರಾಗಿ ಎಂದು ಕೇಳಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಆಗಿ 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಅದರ 7ನೇ ಕಲಂ ಪ್ರಕಾರ ನೊಂದ ಹೆಂಗಸಿಗೆ ವೈದ್ಯಕೀಯ ನೆರವು ಕೊಡಲೇಬೇಕು. ದೂರು ಕೊಟ್ಟಿಲ್ಲ, ವರದಿ ತಂದಿಲ್ಲ ಎಂದು ಹಿಂದೆ ಕಳಿಸುವಂತಿಲ್ಲ. ವರದಿ ಆಗಿಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ನಮೂನೆ 1 ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ನಮ್ಮ ತಾಲ್ಲೂಕುಗಳಲ್ಲಿ ಆ ಅಧಿಕಾರಿ ಬೇರೆ ಯಾರೂ ಅಲ್ಲ, ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ. ತಪಾಸಣೆಯ ವರದಿಯ ಒಂದು ಪ್ರತಿಯನ್ನು ಹೆಂಗಸಿಗೆ ಪುಕ್ಕಟೆಯಾಗಿ ಕೊಡಬೇಕು. ಇದು ಡಾಕ್ಟರರ ದಯೆಯಲ್ಲ, ಕಾನೂನು. ದಿನಕ್ಕೆ ನೂರು ಜನರನ್ನು ಒಬ್ಬರೇ ನೋಡುವ ಸರ್ಕಾರಿ ಡಾಕ್ಟರರ ಕಷ್ಟ ನಮಗೆ ಅರ್ಥವಾಗುತ್ತದೆ. ಖಾಲಿ ಹುದ್ದೆ ತುಂಬಿ ಎಂದು ಅವರು ಧರಣಿ ಕೂತರೆ ನಮ್ಮ ಸಂಘಗಳೂ ಪಕ್ಕದಲ್ಲಿ ಕೂರಲಿ. ಆದರೆ ಬಾಟಲಿ ಏರಿಸಿ ಮುಗಿಯುವತನಕ ಕಾಯಲು ಇರುವ ಹೊತ್ತು, 'ಯಾರಮ್ಮ ಹೊಡೆದದ್ದು?' ಎಂದು ಕೇಳಲು ಇಲ್ಲ ಎನ್ನುವುದನ್ನು ನಂಬಲಾಗದು.

ಮುಂದಿನ ಸಭೆಯಲ್ಲಿ ನಡಾವಳಿ ಪುಸ್ತಕಕ್ಕೆ ಹೀಗೆ ಬರೆಯಿರಿ. ಆಸ್ಪತ್ರೆ ಖರ್ಚಿಗೆ ಸಾಲ ಕೇಳಿದವರ ಜೊತೆ ಸಂಘದ ಒಬ್ಬ ಸದಸ್ಯೆ ಹೋಗುವುದು. ಡಾಕ್ಟರ ಎದುರು ಗಂಡ ಹೊರಗೆ, ನಾವು ಒಳಗೆ. ಕಾಯಿಲೆಯ ಹೆಸರು, ಕೊಟ್ಟ ಸೂಜಿ ಗುಳಿಗೆಯ ಹೆಸರು, ತಾರೀಖು, ಸಹಿ ಇರುವ ಚೀಟಿ ಕೇಳುವುದು. ಗರ್ಭಕೋಶ ತೆಗೆಸಲು ಸಾಲ ಬೇಕೆಂದರೆ ಇನ್ನೊಬ್ಬ ಡಾಕ್ಟರು, ಆದಷ್ಟು ಮಟ್ಟಿಗೆ ಸರ್ಕಾರಿ ಆಸ್ಪತ್ರೆಯ ಹೆರಿಗೆ ಡಾಕ್ಟರು, ನೋಡಿ ಬರೆದುಕೊಟ್ಟ ಮೇಲೆ ಕೊಡುವುದು. ಸಾಲ ನಿರಾಕರಿಸಲಿಕ್ಕಲ್ಲ ಇದು, ಹೋದವಳು ಎರಡನೇ ಮಾತು ಕೇಳಿ ಬರಲಿ ಎಂದು. ಚೀಟಿ ಕೊಡಲು ಒಪ್ಪದ ಖಾಸಗಿ ಶಾಪು, ನರ್ಸಿಂಗ್ ಹೋಂಗಳ ಮೇಲೆ ದೂರು ಕೊಡಬಹುದು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರ ತುಮಕೂರಿನಲ್ಲಿದೆ. ಒಬ್ಬಳ ಹೆಸರಿನಲ್ಲಿ ಬೇಡ, ಸಂಘದ ಲೆಟರ್‌ಹೆಡ್ಡಿನಲ್ಲಿ ಎಲ್ಲರ ಸಹಿ ಹಾಕಿ ಕಳಿಸಿ.

ಹೊಡೆತ ತಿಂದು ಹೋದ ದಿನವಾದರೆ ಇನ್ನಷ್ಟು ಎಚ್ಚರ. ಗಾಯ ಎಲ್ಲಿದೆ, ಎಷ್ಟು ಉದ್ದ ಅಗಲ, ಏನು ಬಣ್ಣ, ಯಾರು ಯಾವುದರಿಂದ ಹೊಡೆದರು, ಯಾವಾಗ ಎಂಬುದು ಅವಳ ಮಾತಿನಲ್ಲೇ ಬರೆಯಬೇಕು. ಈಗಲೇ ಪೊಲೀಸಿಗೆ ಹೋಗಲು ಅವಳಿಗೆ ಮನಸ್ಸಿಲ್ಲದಿದ್ದರೆ ಒತ್ತಾಯಿಸಬೇಡಿ. ಮನೆಗೆ ಹೋಗುವುದೇ ಅಪಾಯ ಎನಿಸಿದರೆ 181ಕ್ಕೆ ಫೋನು ಮಾಡಿ, ತುರ್ತಾದರೆ 112. ಬರೆಸಿದ ಚೀಟಿಯ ಫೋಟೊ ಇಬ್ಬರ ಫೋನಿನಲ್ಲಿರಲಿ. ಮೂಲಪ್ರತಿಯನ್ನು ಅವಳ ಮನೆಯಲ್ಲಿಡಬೇಡಿ, ಅದು ಒಲೆಗೆ ಹೋಗುತ್ತದೆ. ಪಾಸ್‌ಬುಕ್ಕುಗಳ ಜೊತೆ ಸಂಘದ ಟ್ರಂಕಿನಲ್ಲಿಟ್ಟು, ಬೀಗದ ಕೈ ಇಬ್ಬರ ಹತ್ತಿರ ಇರಿಸಿ.